ಮೀನುಮರಿ ಉತ್ಪಾದನೆಯಲ್ಲಿ ಪಿಟ್ಯುಟರಿ ಗ್ರಂಥಿಯ ಪಾತ್ರ

ಮುಂಗಾರು ಮಳೆ ಹಿಡಿದ ಮೇಲೆ ಹೊಂಡದಿಂದ ಹಿಡಿದ ಎರಡು ಮೂರು ಕಿಲೋ ತೂಕದ ಹೆಣ್ಣು ರೋಹು ಮೀನನ್ನು ಕೊಯ್ದು ನೋಡಿದರೆ ಹೊಟ್ಟೆಯ ತುಂಬ ಮೊಟ್ಟೆ ಕಾಣುತ್ತದೆ. ಅದೇ ಹೊಂಡದ ಗಂಡು ಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಹಾಲಿನಂತಹ ವೀರ್ಯ ಹೊರಬರುತ್ತದೆ. ಗಂಡೂ ಇದೆ, ಹೆಣ್ಣೂ ಇದೆ, ಎರಡೂ ಬಲಿತಿವೆ. ಆದರೂ ಆ ಹೊಂಡದಲ್ಲಿ ರೋಹುವಿನ ಒಂದು ಮರಿಯೂ ಹುಟ್ಟುವುದಿಲ್ಲ. ಮಳೆಗಾಲ ಕಳೆದಂತೆ ಆ ಮೊಟ್ಟೆಗಳು ಮೀನಿನ ಮೈಯೊಳಗೇ ಕರಗಿಹೋಗುತ್ತವೆ. ಕಾಟ್ಲ ಮತ್ತು ಮೃಗಾಲ ಮೀನುಗಳ ಸಂಗತಿಯೂ ಇದೇ.

ಮೀನು ಸಾಕುವ ರೈತನಿಗೆ ಇದು ಸಣ್ಣ ತೊಡಕಲ್ಲ. ರಾಗಿ ಬೆಳೆದವನು ತನ್ನ ರಾಶಿಯಿಂದಲೇ ಮರುವರ್ಷಕ್ಕೆ ಬೀಜ ತೆಗೆದಿಡಬಲ್ಲ. ಕಾಟ್ಲ, ರೋಹು, ಮೃಗಾಲ ಬೆಳೆದವನಿಗೆ ಆ ಅನುಕೂಲವಿಲ್ಲ. ಅವನು ಪ್ರತಿವರ್ಷವೂ ಮರಿಗಾಗಿ ಬೇರೊಬ್ಬರ ಕಡೆ ನೋಡಬೇಕು. ಕೆರೆ ತುಂಬಿದ್ದರೂ ಹೊತ್ತಿಗೆ ಸರಿಯಾಗಿ ಮರಿ ಸಿಗದಿದ್ದರೆ ಆ ವರ್ಷದ ನೀರು ವ್ಯರ್ಥವಾದಂತೆಯೇ ಲೆಕ್ಕ. ಈ ತೊಡಕನ್ನು ಬಿಡಿಸಿದ್ದು ಮೀನಿನ ತಲೆಬುರುಡೆಯೊಳಗೆ ಅಡಗಿರುವ, ರಾಗಿಕಾಳಿನಷ್ಟು ಗಾತ್ರದ ಒಂದು ಗ್ರಂಥಿ. ಅದೇ ಪಿಟ್ಯುಟರಿ ಗ್ರಂಥಿ. ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ತಿಳಿದುಕೊಂಡರೆ ಮರಿ ಉತ್ಪಾದಕರ ಅನೇಕ ನಷ್ಟಗಳನ್ನು ತಪ್ಪಿಸಬಹುದು.

ನಿಂತ ನೀರಿನಲ್ಲಿ ಮೊಟ್ಟೆ ಏಕೆ ಇಡುವುದಿಲ್ಲ?

ಕಾಟ್ಲ, ರೋಹು, ಮೃಗಾಲ ಮೀನುಗಳು ಮೂಲತಃ ಹೊಳೆಯ ಮೀನುಗಳು. ನೈರುತ್ಯ ಮಾನ್ಸೂನಿನಲ್ಲಿ ಹೊಳೆಗೆ ಕೆಂಪು ನೀರು ಬಂದಾಗ ಇವು ದಡದ ಬಯಲಿನಲ್ಲಿ ತೆಳುವಾಗಿ ಹರಡಿದ ಪ್ರವಾಹದ ನೀರಿಗೆ ಏರಿ ಬಂದು ಮೊಟ್ಟೆ ಇಡುತ್ತವೆ. ಹೊಸ ನೀರಿನ ಹರಿವು, ಮೋಡ ಮುಚ್ಚಿದ ಆಕಾಶ, ಜಿನುಗು ಮಳೆ, ತುಸು ತಂಪಾದ ನೀರು, ಇವೆಲ್ಲ ಕೂಡಿ ಬಂದಾಗ ಮೀನಿನ ಮಿದುಳಿಗೆ 'ಈಗ ಕಾಲ ಬಂತು' ಎಂಬ ಸೂಚನೆ ಸಿಗುತ್ತದೆ. ಹೊಂಡದ ನಿಂತ ನೀರಿನಲ್ಲಿ ಆಹಾರಕ್ಕೆ ಕೊರತೆಯಿಲ್ಲ, ಬಿಸಿಲಿಗೆ ಕೊರತೆಯಿಲ್ಲ. ಆದ್ದರಿಂದ ಮೊಟ್ಟೆ ಕಟ್ಟುವ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಕೊನೆಯ ಸೂಚನೆ ಮಾತ್ರ ಬರುವುದಿಲ್ಲ. ಬೆಳೆ ಕೊಯ್ಲಿಗೆ ಬಂದು ನಿಂತಿದೆ, ಕುಡುಗೋಲು ಹಾಕುವವರಿಲ್ಲ ಎಂಬಂತಹ ಸ್ಥಿತಿ ಇದು.

ಸಾಮಾನ್ಯ ಗೆಂಡೆಯ ರೀತಿ ಬೇರೆ. 1957ರಲ್ಲಿ ಬ್ಯಾಂಕಾಕಿನಿಂದ ಭಾರತಕ್ಕೆ ತಂದ ಈ ತಳಿಯ ಮೀನು ಕೆರೆ ಹೊಂಡಗಳ ನಿಂತ ನೀರಿನಲ್ಲೇ ಗಿಡಗಂಟಿಗಳಿಗೆ ಅಂಟುವ ಮೊಟ್ಟೆಯನ್ನು ಇಡುತ್ತದೆ. ಅದಕ್ಕೆ ಚುಚ್ಚುಮದ್ದಿನ ಹಂಗಿಲ್ಲ. ಆದರೂ ಈ ಲೇಖನದಲ್ಲಿ ಅದಕ್ಕೆ ಒಂದು ಸ್ಥಾನವಿದೆ. ಅದು ಮುಂದೆ ತಿಳಿಯುತ್ತದೆ.

ಗ್ರಂಥಿ ಮಾಡುವ ಕೆಲಸ

ಮಿದುಳಿನ ಕೆಳಭಾಗದಲ್ಲಿ, ತಲೆಬುರುಡೆಯ ತಳದ ಎಲುಬಿನ ಒಂದು ಸಣ್ಣ ಗುಳಿಯಲ್ಲಿ ಪಿಟ್ಯುಟರಿ ಕುಳಿತಿರುತ್ತದೆ. ಅದರ ತೂಕ ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ಇಷ್ಟು ಚಿಕ್ಕ ಗ್ರಂಥಿಯಿಂದ ಹಲವು ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಮೈ ಬೆಳವಣಿಗೆಗೆ ಒಂದು, ಸಿಹಿನೀರಿನಲ್ಲಿ ಮೈಯ ಉಪ್ಪಿನಂಶ ಸೋರಿಹೋಗದಂತೆ ನೋಡಿಕೊಳ್ಳಲು ಒಂದು, ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚಲು ಇನ್ನೊಂದು, ಹೀಗೆ. ಮರಿ ಉತ್ಪಾದನೆಗೆ ಸಂಬಂಧಪಟ್ಟವು ಇವುಗಳಲ್ಲಿ ಎರಡು. ಇವನ್ನು ಗೊನಾಡೋಟ್ರೋಪಿನ್‌ಗಳು, ಅಂದರೆ ಅಂಡಾಶಯ ಮತ್ತು ವೃಷಣಗಳನ್ನು ಪ್ರಚೋದಿಸುವ ಹಾರ್ಮೋನುಗಳು ಎನ್ನುತ್ತಾರೆ. ಮೀನಿನಲ್ಲಿ ಇಂತಹುದು ಒಂದೇ ಇದೆ ಎಂದು ಬಹಳ ಕಾಲ ನಂಬಲಾಗಿತ್ತು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಸಾಲ್ಮನ್ ಮೀನಿನ ಗ್ರಂಥಿಯಿಂದ ಎರಡು ಬೇರೆ ಬೇರೆ ಹಾರ್ಮೋನುಗಳನ್ನು ಬೇರ್ಪಡಿಸಿ ತೋರಿಸಿದರು. ಈಗ ಇವನ್ನು ದನ, ಕುರಿಗಳಲ್ಲಿರುವಂತೆಯೇ ಎಫ್.ಎಸ್.ಎಚ್. ಮತ್ತು ಎಲ್.ಎಚ್. ಎಂದು ಕರೆಯುತ್ತಾರೆ.

ಎರಡರ ಕೆಲಸವೂ ಬೇರೆ, ಕಾಲವೂ ಬೇರೆ. ಮೊದಲನೆಯದರ ಕೆಲಸ ಮೊಟ್ಟೆ ತುಂಬಿಸುವ ತಿಂಗಳುಗಳಲ್ಲಿ. ಅದರ ಪ್ರೇರಣೆಯಿಂದ ಅಂಡಾಶಯವು ಈಸ್ಟ್ರಡಯೋಲ್ ಎಂಬ ಹೆಣ್ಣು ಹಾರ್ಮೋನನ್ನು ತಯಾರಿಸುತ್ತದೆ. ಅದು ರಕ್ತದ ಮೂಲಕ ಪಿತ್ತಜನಕಾಂಗಕ್ಕೆ ಹೋಗಿ, ಅಲ್ಲಿ ಮೊಟ್ಟೆಯ ಹಳದಿಗೆ ಬೇಕಾದ ಸಸಾರಜನಕ ವಸ್ತು ತಯಾರಾಗುವಂತೆ ಮಾಡುತ್ತದೆ. ಈ ವಸ್ತು ಮತ್ತೆ ರಕ್ತದಲ್ಲಿ ಬಂದು ಮೊಟ್ಟೆಗಳಲ್ಲಿ ತುಂಬಿಕೊಳ್ಳುತ್ತದೆ. ಮೀನಿನ ಮೇವು ಮೊಟ್ಟೆಯಾಗುವ ದಾರಿ ಇದು. ಮೊಟ್ಟೆಯಿಂದ ಹೊರಬಂದ ಮರಿ ಮೊದಲ ಮೂರು ದಿನ ಬದುಕುವುದೇ ಈ ಹಳದಿಯ ಮೇಲೆ. ಮೇವು ಕಳಪೆಯಾದರೆ ಹಳದಿಯೂ ಕಳಪೆ, ಮರಿಯೂ ಕಳಪೆ.

ಎರಡನೆಯದಾದ ಎಲ್.ಎಚ್. ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ. ಅನುಕೂಲ ವಾತಾವರಣ ಕೂಡಿದಾಗ ಅದು ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಒಮ್ಮೆಗೇ ಏರುತ್ತದೆ. ಆಗ ಅಂಡಾಶಯದಲ್ಲಿ ಬೇರೊಂದು ಹಾರ್ಮೋನು ಹುಟ್ಟಿ, ಮೊಟ್ಟೆಯ ನಡುವಿನಲ್ಲಿದ್ದ ಕೋಶಕೇಂದ್ರ ಅಂಚಿಗೆ ಸರಿದು ಕರಗುತ್ತದೆ; ಮೊಟ್ಟೆ ಪಕ್ವವಾಗಿ ಅಂಡಾಶಯದ ಗೋಡೆಯಿಂದ ಬಿಡಿಸಿಕೊಂಡು ಹೊರಬೀಳಲು ಸಿದ್ಧವಾಗುತ್ತದೆ. ಗಂಡಿನಲ್ಲಿ ವೀರ್ಯ ತೆಳುವಾಗಿ ಹರಿಯತೊಡಗುತ್ತದೆ. ಹೊಂಡದ ಮೀನಿನಲ್ಲಿ ಆಗದೆ ಉಳಿಯುವುದು ಈ ಒಂದು ಏರಿಕೆ ಮಾತ್ರ.

ಪಿಟ್ಯುಟರಿಯೂ ಸ್ವತಂತ್ರವಲ್ಲ. ಅದರ ಮೇಲಿರುವ ಮಿದುಳಿನ ಭಾಗದಿಂದ ಅದಕ್ಕೆ ಎರಡು ಬಗೆಯ ಸಂದೇಶಗಳು ಬರುತ್ತವೆ. ಒಂದು, ಹಾರ್ಮೋನು ಬಿಡು ಎನ್ನುವ ಸಂದೇಶ. ಇನ್ನೊಂದು ಡೋಪಮೈನ್ ಎಂಬ ವಸ್ತುವಿನ ಮೂಲಕ ಬರುವ ತಡೆ. ಗೆಂಡೆ ಜಾತಿಯ ಮೀನುಗಳಲ್ಲಿ ಈ ತಡೆ ಬಹಳ ಬಲವಾದುದು. ಗಾಡಿಗೆ ಎತ್ತು ಕಟ್ಟಿದ್ದರೂ ಗಾಲಿಗೆ ಕಲ್ಲು ಕೊಟ್ಟಿದ್ದರೆ ಹೇಗೋ ಹಾಗೆ. ಈ ಎರಡು ಸಂದೇಶಗಳ ವಿಚಾರವನ್ನು ನೆನಪಿನಲ್ಲಿಡಬೇಕು. ಈಗ ಬಳಕೆಯಲ್ಲಿರುವ ಸಿದ್ಧ ಔಷಧಿಗಳು ಇದನ್ನೇ ಆಧರಿಸಿವೆ.

ಅಂಗುಲ್‌ನಲ್ಲಿ ನಡೆದ ಪ್ರಯೋಗ

ಮೀನಿನ ಸಂತಾನೋತ್ಪತ್ತಿಯ ಮೇಲೆ ಪಿಟ್ಯುಟರಿಯ ಪ್ರಭಾವವನ್ನು 1930ರ ಸುಮಾರಿನಲ್ಲಿ ಅರ್ಜೆಂಟೀನದ ಹೌಸೇ ಎಂಬ ವಿಜ್ಞಾನಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಬ್ರೆಜಿಲಿನಲ್ಲಿ ಫಾನ್ ಇಹೆರಿಂಗ್ ಮತ್ತು ಅವರ ಸಂಗಡಿಗರು ಗ್ರಂಥಿಯ ಚುಚ್ಚುಮದ್ದಿನಿಂದ ಅಲ್ಲಿನ ಮೀನುಗಳಲ್ಲಿ ಮೊಟ್ಟೆ ಇಡಿಸಿದರು. ಭಾರತದಲ್ಲಿ ಹಮೀದ್ ಖಾನ್ ಎಂಬವರು 1930ರ ದಶಕದ ಕೊನೆಯಲ್ಲೇ ಸ್ತನಿಗಳ ಪಿಟ್ಯುಟರಿಯನ್ನು ಮೃಗಾಲ ಮೀನಿಗೆ ಚುಚ್ಚಿ ನೋಡಿದ್ದರು. ಆದರೆ ಆ ದಾರಿ ರೂಢಿಗೆ ಬರಲಿಲ್ಲ. ಇದಕ್ಕೆ ಕಾರಣವಿದೆ. ಈ ಹಾರ್ಮೋನಿನ ರಚನೆ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ. ಸಂಬಂಧ ದೂರವಾದಷ್ಟೂ ಅದರ ಪರಿಣಾಮ ಕಡಿಮೆ. ಗೆಂಡೆಗೆ ಗೆಂಡೆಯ ಗ್ರಂಥಿಯೇ ಒಳ್ಳೆಯದು.

ಅಲ್ಲಿಯವರೆಗೆ ದೇಶದ ಮೀನು ಸಾಕಣೆ ನಿಂತಿದ್ದುದು ಹೊಳೆಯ ಮರಿಗಳ ಮೇಲೆ. ಪ್ರವಾಹದ ದಿನಗಳಲ್ಲಿ ಗಂಗಾ ನದಿ ಮತ್ತು ಅದರ ಉಪನದಿಗಳಲ್ಲಿ ನುಣುಪು ಬಲೆ ಕಟ್ಟಿ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗಳನ್ನು ಹಿಡಿಯುತ್ತಿದ್ದರು. ಬಂಗಾಳದಿಂದ ಅವು ರೈಲಿನಲ್ಲಿ ಬೇರೆ ರಾಜ್ಯಗಳಿಗೆ ಹೋಗುತ್ತಿದ್ದವು. ದಾರಿಯಲ್ಲಿ ಸಾಯುತ್ತಿದ್ದವು ಎಷ್ಟೋ. ಬದುಕಿ ಬಂದವುಗಳಲ್ಲಿಯೂ ಬೇಕಾದ ಜಾತಿ ಯಾವುದು, ಬೇಡದ್ದು ಯಾವುದು, ಇತರ ಮರಿಗಳನ್ನು ತಿನ್ನುವ ಜಾತಿ ಯಾವುದು ಎಂಬುದು ಅವು ಬೆಳೆದ ಮೇಲೆಯೇ ತಿಳಿಯುತ್ತಿತ್ತು.

ಡಾ. ಹೀರಾಲಾಲ್ ಚೌಧುರಿಯವರು 1955ರಲ್ಲಿ ಒಂದು ಪುಟ್ಟ ಜಾತಿಯ ಮೀನಿನಲ್ಲಿ ಗ್ರಂಥಿಯ ಚುಚ್ಚುಮದ್ದಿನಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಅನಂತರ ಕೆ. ಎಚ್. ಅಲಿಕುಂಞಿ ಅವರೊಡನೆ ಒರಿಸ್ಸಾದ, ಈಗಿನ ಒಡಿಶಾದ, ಅಂಗುಲ್‌ನಲ್ಲಿ ದೊಡ್ಡ ಗೆಂಡೆಗಳ ಮೇಲೆ ಪ್ರಯೋಗ ನಡೆಸಿ 1957ರ ಜುಲೈ 10ರಂದು ಅವುಗಳಿಂದಲೂ ಮೊಟ್ಟೆ ಇಡಿಸಿದರು. ಜುಲೈ 10ನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಿರುವುದು ಇದೇ ಕಾರಣಕ್ಕೆ. 1959ರಲ್ಲಿ ದೇಶಕ್ಕೆ ಬಂದ ಬೆಳ್ಳಿ ಗೆಂಡೆ ಮತ್ತು ಹುಲ್ಲು ಗೆಂಡೆಗಳಿಗೂ 1962ರಲ್ಲಿ ಇದೇ ಉಪಾಯ ಫಲಿಸಿತು. ಕರ್ನಾಟಕದಲ್ಲಿ ಭದ್ರಾ ಅಣೆಕಟ್ಟಿನ ಕೆಳಗಿನ ಬಿ.ಆರ್.ಪ್ರಾಜೆಕ್ಟ್ ಹಾಗೂ ತುಂಗಭದ್ರಾ ಅಣೆಕಟ್ಟಿನ ಮೀನುಮರಿ ಕೇಂದ್ರಗಳು ನಡೆದುಬಂದಿರುವುದೂ, 1969ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಮೀನುಗಾರಿಕೆ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕಲಿತಿರುವುದೂ ಈ ವಿಧಾನವನ್ನೇ.

ಗ್ರಂಥಿ ತೆಗೆದು ಕಾಪಾಡುವುದು

ಸಿದ್ಧ ಔಷಧಿ ಬಂದ ಮೇಲೆ ಗ್ರಂಥಿ ತೆಗೆಯುವ ಕೆಲಸ ಕಡಿಮೆಯಾಗಿದೆ. ಆದರೂ ವಿಸ್ತರಣಾ ಕಾರ್ಯಕರ್ತರು ಇದನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಗ್ರಂಥಿಯನ್ನು ಕಣ್ಣಿನಿಂದ ನೋಡಿದವರಿಗೆ ಉಳಿದ ವಿಷಯ ಬೇಗ ಮನದಟ್ಟಾಗುತ್ತದೆ.

ಗ್ರಂಥಿಗಾಗಿ ಆರಿಸುವ ಮೀನು ಪೂರ್ತಿ ಬಲಿತಿರಬೇಕು, ಮೊಟ್ಟೆ ಇಡುವ ಕಾಲಕ್ಕೆ ಸ್ವಲ್ಪ ಮುಂಚಿನದಾಗಿರಬೇಕು. ಆಗ ಗ್ರಂಥಿಯಲ್ಲಿ ಹಾರ್ಮೋನಿನ ದಾಸ್ತಾನು ಹೆಚ್ಚು. ಮೊಟ್ಟೆ ಇಟ್ಟು ಮುಗಿಸಿದ ಮೀನಿನ ಗ್ರಂಥಿ ಬರಿದಾದ ಚೀಲದಂತೆ. ಇಲ್ಲಿ ಸಾಮಾನ್ಯ ಗೆಂಡೆ ಉಪಯೋಗಕ್ಕೆ ಬರುತ್ತದೆ. ಅದು ವರ್ಷದ ಹೆಚ್ಚು ಕಾಲ ಬಲಿತ ಸ್ಥಿತಿಯಲ್ಲಿ ಸಿಗುವುದರಿಂದ, ಮಾರಾಟಕ್ಕೆ ಹಿಡಿದ ಮೀನಿನಿಂದಲೇ ಗ್ರಂಥಿ ಸಂಗ್ರಹಿಸಬಹುದು. ಆಗಷ್ಟೇ ಸತ್ತ ಮೀನು ಉತ್ತಮ. ಮಂಜುಗಡ್ಡೆಯಲ್ಲಿಟ್ಟ ಮೀನೂ ಆಗಬಹುದು. ವಾಸನೆ ಹೊಡೆದ ಮೀನು ಮಾತ್ರ ಬೇಡ.

ತಲೆಬುರುಡೆಯ ಮೇಲಿನ ಎಲುಬನ್ನು ಕತ್ತಿಯಿಂದ ಓರೆಯಾಗಿ ಕತ್ತರಿಸಿ ತೆಗೆದರೆ ಜಿಡ್ಡಿನ ನಡುವೆ ಮಿದುಳು ಕಾಣುತ್ತದೆ. ಜಿಡ್ಡನ್ನು ಹತ್ತಿಯಿಂದ ಒರೆಸಿ, ಮಿದುಳನ್ನು ಚಿಮಟದಿಂದ ಹಿಂದಿನಿಂದ ಮುಂದಕ್ಕೆ ಎತ್ತಬೇಕು. ಗ್ರಂಥಿ ಕೆಲವೊಮ್ಮೆ ಮಿದುಳಿನೊಂದಿಗೇ ಬರುತ್ತದೆ. ಹೆಚ್ಚಾಗಿ ಕೆಳಗಿನ ಗುಳಿಯಲ್ಲಿ ತೆಳು ಪೊರೆಯ ಅಡಿ ಉಳಿದಿರುತ್ತದೆ. ಪೊರೆಯನ್ನು ಸರಿಸಿ, ಕೆನೆಬಣ್ಣದ ಆ ಕಾಳನ್ನು ಒಡೆಯದಂತೆ ತೆಗೆಯಬೇಕು. ಒಡೆದ ಗ್ರಂಥಿಯಲ್ಲಿ ಸತ್ವ ಕಡಿಮೆಯಾಗುತ್ತದೆ. ಮಾರುಕಟ್ಟೆಯಲ್ಲಿ ಕತ್ತರಿಸಿಟ್ಟ ತಲೆಗಳಿಂದ, ಬುರುಡೆಯ ಹಿಂಭಾಗದ ತೂತಿನ ಮೂಲಕವೇ ಗ್ರಂಥಿ ತೆಗೆಯುವ ನಿಪುಣರಿದ್ದಾರೆ. ಕಲ್ಕತ್ತೆಯ ಮೀನು ಮಾರುಕಟ್ಟೆಗಳಲ್ಲಿ ಇದು ಒಂದು ಉಪಕಸುಬೇ ಆಗಿ ಬೆಳೆದಿತ್ತು.

ತೆಗೆದ ಕೂಡಲೇ ಗ್ರಂಥಿಯನ್ನು ನೀರಿಲ್ಲದ ಶುದ್ಧ ಆಲ್ಕೋಹಾಲಿನಲ್ಲಿ ಹಾಕಬೇಕು. 24 ಗಂಟೆಗಳ ನಂತರ ಆಲ್ಕೋಹಾಲನ್ನು ಬದಲಾಯಿಸಿ, ಬಣ್ಣದ ಶೀಸೆಯಲ್ಲಿ ಮುಚ್ಚಿ ತಣ್ಣಗಿನ ಜಾಗದಲ್ಲಿ, ಸಾಧ್ಯವಾದರೆ ರೆಫ್ರಿಜರೇಟರಿನಲ್ಲಿ ಇಡಬೇಕು. ಆಲ್ಕೋಹಾಲು ಗ್ರಂಥಿಯ ನೀರನ್ನೂ ಕೊಬ್ಬನ್ನೂ ಹೀರಿಕೊಳ್ಳುತ್ತದೆ, ಹಾರ್ಮೋನನ್ನು ಕರಗಿಸುವುದಿಲ್ಲ. ನೀರಿನ ಗುಣ ಇದಕ್ಕೆ ವಿರುದ್ಧ. ಅದು ಹಾರ್ಮೋನನ್ನು ಕರಗಿಸಿಕೊಳ್ಳುತ್ತದೆ. ಚುಚ್ಚುವ ಹೊತ್ತು ಬರುವವರೆಗೆ ಗ್ರಂಥಿಗೆ ನೀರು ಸೋಂಕಬಾರದು ಎಂಬ ನಿಯಮದ ಕಾರಣ ಇದು.

ಚುಚ್ಚುವ ಹೊತ್ತಿಗೆ ಬೇಕಾದಷ್ಟು ಗ್ರಂಥಿಗಳನ್ನು ಹೊರತೆಗೆದು, ಆಲ್ಕೋಹಾಲು ಆರಿದ ಮೇಲೆ ತೂಗಿ, ಗಾಜಿನ ಅರೆಯುವ ಸಾಧನದಲ್ಲಿ ಬಟ್ಟಿ ಇಳಿಸಿದ ನೀರು ಅಥವಾ ಶೇಕಡ 0.3ರ ಉಪ್ಪಿನ ದ್ರಾವಣದೊಡನೆ ನುಣ್ಣಗೆ ಅರೆಯಬೇಕು. ಒಂದು ಸಿ.ಸಿ. ದ್ರವಕ್ಕೆ 20ರಿಂದ 30 ಮಿಲಿಗ್ರಾಂ ಗ್ರಂಥಿ ಸಾಕು. ಗಸಿ ಕೆಳಗಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಳಸಬೇಕು. ಬೆಳಗ್ಗೆ ಅರೆದದ್ದನ್ನು ರಾತ್ರಿಗೆ ಇಟ್ಟುಕೊಳ್ಳುವುದು ಸಲ್ಲದು. ನೀರಿಗೆ ಇಳಿದ ಹಾರ್ಮೋನು ಬೇಗ ಕೆಡುತ್ತದೆ.

ತಾಯಿ ಮೀನಿನ ಆಯ್ಕೆ

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಚುಚ್ಚುಮದ್ದು ಕೊಡುವುದು ಕೊನೆಯ ಪ್ರೇರಣೆಯನ್ನು ಮಾತ್ರ ಎಂಬುದನ್ನು ಮೇಲೆ ನೋಡಿದೆವು. ಹಳದಿ ತುಂಬದ ಮೊಟ್ಟೆಗೆ ಒಂದೇ ರಾತ್ರಿಯಲ್ಲಿ ಹಳದಿ ತುಂಬಿಸುವ ಶಕ್ತಿ ಯಾವ ಹಾರ್ಮೋನಿಗೂ ಇಲ್ಲ. ಅರೆಬಲಿತ ಹೆಣ್ಣಿಗೆ ಔಷಧಿಯ ಪ್ರಮಾಣ ಹೆಚ್ಚಿಸಿದರೆ ಹೇಗೋ ಮೊಟ್ಟೆ ಇಟ್ಟೀತು ಎಂದು ಕೆಲವರು ಎಣಿಸುತ್ತಾರೆ. ಹೀಗೆ ಮಾಡಿದಾಗ ಒಂದೋ ಮೀನು ಮೊಟ್ಟೆಯನ್ನೇ ಇಡುವುದಿಲ್ಲ, ಇಲ್ಲವೇ ಗಂಟು ಗಂಟಾದ ಬಿಳಿ ಮೊಟ್ಟೆ ಅಷ್ಟಿಷ್ಟು ಬಿದ್ದು ಹಾಳಾಗುತ್ತದೆ, ಅಥವಾ ಮೊಟ್ಟೆ ದ್ವಾರದಲ್ಲೇ ಸಿಕ್ಕಿಕೊಂಡು ಮೀನು ಸಾಯುತ್ತದೆ. ಎರಡು ಮೂರು ವರ್ಷ ಮೇವು ಹಾಕಿ ಸಾಕಿದ ತಾಯಿ ಮೀನು ಹೀಗೆ ಒಂದು ರಾತ್ರಿಯ ಅವಸರಕ್ಕೆ ಬಲಿಯಾಗುತ್ತದೆ. ದೋಷವನ್ನು ಮಾತ್ರ ಔಷಧಿಯ ಮೇಲೆ ಹೊರಿಸಲಾಗುತ್ತದೆ.

ತಾಯಿ ಮೀನಿನ ಸಿದ್ಧತೆ ಬೇಸಿಗೆಗೂ ಮೊದಲೇ ಆರಂಭವಾಗಬೇಕು. ಹೆಕ್ಟೇರಿಗೆ 1,000ದಿಂದ 2,000 ಕಿಲೋ ತೂಕದ ಮೀನಿಗಿಂತ ಹೆಚ್ಚು ತುಂಬಬಾರದು. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡಿನ ಮಿಶ್ರಣವನ್ನು ದಿನವೂ ಕೊಡಬೇಕು. ಅದಕ್ಕೆ ಸ್ವಲ್ಪ ಮೀನಿನ ಪುಡಿ ಸೇರಿಸಿದರೆ ಇನ್ನೂ ಒಳ್ಳೆಯದು. ಆದರೆ ಕೊಬ್ಬುವಂತೆ ತಿನ್ನಿಸಬಾರದು. ಹೊಟ್ಟೆಯ ತುಂಬ ಕೊಬ್ಬು ಸೇರಿದ ಹೆಣ್ಣು ನೋಡಲು ದುಂಡಗಿದ್ದರೂ ಮೊಟ್ಟೆಗೆ ಬಾರದು. ಆಗಾಗ್ಗೆ ಹಳೆಯ ನೀರನ್ನು ಬಿಟ್ಟು ಹೊಸ ನೀರು ಹಾಯಿಸುವುದರಿಂದ ಮೀನು ಬೇಗ ಬಲಿಯುತ್ತದೆ. ಮೊಟ್ಟೆ ಇಡಿಸುವ ಎರಡು ತಿಂಗಳು ಮೊದಲೇ ಗಂಡು ಹೆಣ್ಣುಗಳನ್ನು ಬೇರ್ಪಡಿಸುವುದು ಉತ್ತಮ. ರೋಹು ಮತ್ತು ಮೃಗಾಲ ಎರಡು ವರ್ಷ ತುಂಬಿದ ಮೇಲೆ ಬಲಿಯುತ್ತವೆ. ಕಾಟ್ಲಕ್ಕೆ ಸಾಮಾನ್ಯವಾಗಿ ಮೂರನೆಯ ವರ್ಷ ಬೇಕು. ಈ ಮೂರರಲ್ಲಿ ಹಟಮಾರಿಯೆಂದರೆ ಕಾಟ್ಲವೇ. ಬರಿಯ ಗ್ರಂಥಿಯ ದ್ರಾವಣವನ್ನು ನೆಚ್ಚಿದ್ದ ಕಾಲದಲ್ಲಿ ರೋಹುವಿನಷ್ಟು ಸುಲಭವಾಗಿ ಅದು ಎಂದೂ ಮೊಟ್ಟೆ ಇಡಲಿಲ್ಲ.

ಗಂಡನ್ನು ಗುರುತಿಸಲು ಎದೆಯ ಈಜುರೆಕ್ಕೆಯ ಮೇಲ್ಮೈಯನ್ನು ಬೆರಳಿನಿಂದ ಸವರಿ ನೋಡಬೇಕು. ಕಾಲ ಬಂದಾಗ ಅದು ಉಜ್ಜುಕಾಗದದಂತೆ ಒರಟಾಗಿರುತ್ತದೆ, ಹೆಣ್ಣಿನದು ನುಣುಪು. ಬಲಿತ ಹೆಣ್ಣಿನ ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿ ಮೆತ್ತಗಿರುತ್ತದೆ. ಜನನಾಂಗದ ದ್ವಾರ ತುಸು ಊದಿಕೊಂಡು ನಸುಗೆಂಪಾಗಿರುತ್ತದೆ. ಉಬ್ಬಿಯೂ ಗಟ್ಟಿಯಾಗಿರುವ ಹೊಟ್ಟೆಯನ್ನು ನಂಬಬಾರದು. ಅಂತಹ ಮೀನನ್ನು ಎರಡು ವಾರ ಬಿಟ್ಟು ಮತ್ತೆ ನೋಡುವುದು ಲೇಸು.

ಚುಚ್ಚುಮದ್ದಿನ ಪ್ರಮಾಣ ಮತ್ತು ಕ್ರಮ

ಗ್ರಂಥಿಯ ದ್ರಾವಣವನ್ನು ಹೆಣ್ಣಿಗೆ ಎರಡು ಬಾರಿ ಕೊಡುವುದು ರೂಢಿ. ಮೊದಲು ಕಿಲೋ ತೂಕಕ್ಕೆ 2ರಿಂದ 3 ಮಿಲಿಗ್ರಾಂ, ಆರು ಗಂಟೆ ಬಿಟ್ಟು 5ರಿಂದ 8 ಮಿಲಿಗ್ರಾಂ. ಮೊದಲನೆಯದು ಮೊಟ್ಟೆಯನ್ನು ಕೊನೆಯ ಹಂತಕ್ಕೆ ಹದ ಮಾಡುತ್ತದೆ, ಎರಡನೆಯದು ಬಿಡುಗಡೆ ಮಾಡಿಸುತ್ತದೆ. ಗಂಡಿಗೆ ಒಂದೇ ಬಾರಿ, ಹೆಣ್ಣಿನ ಎರಡನೆಯ ಚುಚ್ಚುಮದ್ದಿನ ವೇಳೆಗೆ, ಕಿಲೋಗೆ 2ರಿಂದ 3 ಮಿಲಿಗ್ರಾಂ. ಒಂದು ಹೆಣ್ಣಿಗೆ ಎರಡು ಗಂಡು. ಎರಡೂ ಗಂಡುಗಳ ತೂಕ ಸೇರಿ ಹೆಣ್ಣಿನ ತೂಕಕ್ಕೆ ಸರಿಯಾಗಿರಬೇಕು.

ಉದಾಹರಣೆಗೆ 4 ಕಿಲೋ ತೂಕದ ಹೆಣ್ಣು ರೋಹುವಿಗೆ ಮೊದಲು 8 ಮಿಲಿಗ್ರಾಂ, ಅನಂತರ 24 ಮಿಲಿಗ್ರಾಂ, ಎರಡೆರಡು ಕಿಲೋ ತೂಕದ ಎರಡು ಗಂಡುಗಳಿಗೆ ಒಟ್ಟು 8 ಮಿಲಿಗ್ರಾಂ ಎಂದಿಟ್ಟುಕೊಂಡರೆ 40 ಮಿಲಿಗ್ರಾಂ ಗ್ರಂಥಿ ಬೇಕಾಯಿತು. ಒಂದು ಗ್ರಂಥಿ ಕೆಲವೇ ಮಿಲಿಗ್ರಾಂ ತೂಗುವುದರಿಂದ, ಒಂದು ಜೋಡಣೆಗೆ ಹತ್ತಾರು ಮೀನುಗಳ ತಲೆ ಒಡೆಯಬೇಕು. ಗ್ರಂಥಿಯ ಅಭಾವ ಈ ವಿಧಾನಕ್ಕೆ ದೊಡ್ಡ ಅಡ್ಡಿಯಾದದ್ದು ಹೀಗೆ.

ಬಾಲದ ಬುಡದ ಮಾಂಸಖಂಡದಲ್ಲಿ, ಪಕ್ಕದ ಗೆರೆಗಿಂತ ಮೇಲೆ, ಹುರುಪೆಯ ಅಡಿಗೆ ಸೂಜಿಯನ್ನು ಓರೆಯಾಗಿ ತೂರಿಸಿ ಚುಚ್ಚಬೇಕು. ಒಂದರಿಂದ ಮೂರು ಕಿಲೋ ಮೀನಿಗೆ 22ನೆಯ ನಂಬರಿನ ಸೂಜಿ, ಅದಕ್ಕಿಂತ ದೊಡ್ಡದಕ್ಕೆ 19ನೆಯ ನಂಬರು. ಮೀನನ್ನು ಕೈಬಲೆಯೊಳಗೇ ಒದ್ದೆ ಸ್ಪಂಜಿನ ಮೇಲೆ ಮಲಗಿಸಿ, ಕಣ್ಣನ್ನು ಒದ್ದೆ ಬಟ್ಟೆಯಿಂದ ಮುಚ್ಚಿದರೆ ಅದು ಒದ್ದಾಡುವುದಿಲ್ಲ.

ಸಂಜೆ ಮೊದಲ ಚುಚ್ಚುಮದ್ದು ಕೊಟ್ಟರೆ ನಡುರಾತ್ರಿ ಎರಡನೆಯದು ಬರುತ್ತದೆ. ಅದಾದ ಮೂರರಿಂದ ಆರು ಗಂಟೆಗಳಲ್ಲಿ, ಅಂದರೆ ಬೆಳಗಿನ ಜಾವಕ್ಕೆ, ಮೀನು ಮೊಟ್ಟೆ ಇಡುತ್ತದೆ. ಎರಡನೆಯ ಚುಚ್ಚುಮದ್ದಿನ ನಂತರ ಗಂಡು ಹೆಣ್ಣುಗಳನ್ನು ಹಾಪ ಎಂಬ ಬಟ್ಟೆಯ ತೊಟ್ಟಿಯಲ್ಲಿ ಬಿಡುತ್ತಾರೆ. ಮೂರು ಕಿಲೋವರೆಗಿನ ಮೀನಿಗೆ ಎರಡು ಮೀಟರು ಉದ್ದ, ಒಂದು ಮೀಟರು ಅಗಲ, ಒಂದು ಮೀಟರು ಆಳದ ಹಾಪ ಸಾಕು. ಮೋಡ ಕವಿದು ಹನಿ ಬೀಳುವ ದಿನವನ್ನು ಆರಿಸಿಕೊಳ್ಳಬೇಕು. ನೀರಿನ ಶಾಖ 27 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿದ್ದರೆ ಹಿತ. ಸುಡು ಬಿಸಿಲಿನ ದಿನ ಚುಚ್ಚಿ, ಮೀನು ಮೊಟ್ಟೆ ಇಡಲಿಲ್ಲ ಎಂದು ಹಲುಬಿದರೆ ಫಲವಿಲ್ಲ.

ಸಿದ್ಧ ಔಷಧಿಗಳು

ಮಿದುಳಿನ ಎರಡು ಸಂದೇಶಗಳ ವಿಚಾರ ಇಲ್ಲಿ ಬರುತ್ತದೆ. ಹೊರಗಿನಿಂದ ಗ್ರಂಥಿಯ ಸತ್ವವನ್ನು ತುಂಬುವ ಬದಲು, ಮೀನಿನ ಸ್ವಂತ ಗ್ರಂಥಿಯಲ್ಲಿ ಆಗಲೇ ತುಂಬಿಕೊಂಡಿರುವ ಹಾರ್ಮೋನನ್ನು ಹೊರಬಿಡಿಸಬಾರದೇಕೆ ಎಂದು ಚೀನ ಮತ್ತು ಕೆನಡಾದ ವಿಜ್ಞಾನಿಗಳು ಕೂಡಿ ಕೆಲಸ ಮಾಡಿದರು. 'ಬಿಡು' ಎನ್ನುವ ಸಂದೇಶವನ್ನು ಹೋಲುವ ಕೃತಕ ವಸ್ತು ಒಂದು, ಡೋಪಮೈನ್ ತಡೆಯನ್ನು ತೆಗೆಯುವ ಔಷಧಿ ಇನ್ನೊಂದು, ಇವೆರಡನ್ನೂ ಒಟ್ಟಿಗೆ ಕೊಟ್ಟಾಗ ಗೆಂಡೆಗಳು ಸುಲಭವಾಗಿ ಮೊಟ್ಟೆ ಇಟ್ಟವು. ಎತ್ತನ್ನು ಗದರಿಸುವುದರ ಜೊತೆಗೆ ಗಾಲಿಯ ಕಲ್ಲನ್ನೂ ತೆಗೆದಂತಾಯಿತು.

ಕೆನಡಾದಲ್ಲಿ ತಯಾರಾಗಿ ಭಾರತಕ್ಕೆ ಬಂದ ಓವಪ್ರಿಮ್ ಈ ಬಗೆಯದು. ಅದರ ಒಂದು ಮಿಲಿಲೀಟರಿನಲ್ಲಿ ಸಾಲ್ಮನ್ ಮೀನಿನ ಹಾರ್ಮೋನನ್ನು ಹೋಲುವ ವಸ್ತು 20 ಮೈಕ್ರೋಗ್ರಾಂ, ಡೋಂಪೆರಿಡೋನ್ 10 ಮಿಲಿಗ್ರಾಂ ಇರುತ್ತದೆ. ಮನುಷ್ಯರಿಗೆ ವಾಂತಿ ನಿಲ್ಲಲು ವೈದ್ಯರು ಕೊಡುವ ಡೋಂಪೆರಿಡೋನ್ ಮಾತ್ರೆಯೂ ಇದೇ ವಸ್ತುವಿನದು ಎಂದರೆ ಕೆಲವರಿಗೆ ಸೋಜಿಗವಾದೀತು. ಇದೇ ಬಗೆಯ ಓವಟೈಡ್ ಮೊದಲಾದ ಔಷಧಿಗಳನ್ನು ಭಾರತದಲ್ಲೇ ತಯಾರಿಸಲಾಗಿದೆ. ಓವಪ್ರಿಮ್‌ನ್ನು ಹೆಣ್ಣಿನ ಕಿಲೋ ತೂಕಕ್ಕೆ ಕಾಟ್ಲಕ್ಕೆ 0.4ರಿಂದ 0.5, ರೋಹುವಿಗೆ 0.3ರಿಂದ 0.4, ಮೃಗಾಲಕ್ಕೆ 0.25ರಿಂದ 0.3 ಮಿಲಿಲೀಟರ್, ಗಂಡಿಗೆ 0.1ರಿಂದ 0.2 ಮಿಲಿಲೀಟರ್ ಕೊಡುವುದು ರೂಢಿ. ಬೇರೆ ಹೆಸರಿನ ಔಷಧಿಗೆ ಅದರ ಶೀಸೆಯ ಜೊತೆ ಬಂದ ಸೂಚನೆಯನ್ನೇ ಅನುಸರಿಸಬೇಕು.

ಇದರ ದೊಡ್ಡ ಅನುಕೂಲವೆಂದರೆ ಗಂಡಿಗೂ ಹೆಣ್ಣಿಗೂ ಒಂದೇ ಬಾರಿ, ಒಂದೇ ವೇಳೆಗೆ ಚುಚ್ಚಿದರೆ ಸಾಕು. ನಡುರಾತ್ರಿ ಎದ್ದು ಮತ್ತೆ ಮೀನು ಹಿಡಿಯುವ ಕಷ್ಟವಿಲ್ಲ, ಮೀನಿಗೂ ಎರಡನೆಯ ಸಲದ ಗಾಯವಿಲ್ಲ. ಸುಮಾರು 8ರಿಂದ 14 ಗಂಟೆಗಳಲ್ಲಿ ಮೊಟ್ಟೆ ಸಿಗುತ್ತದೆ. ಕಾಟ್ಲ ಕೂಡ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಹೀಗಿದ್ದರೂ ಈ ಔಷಧಿ ಮೀನಿನ ಸ್ವಂತ ಗ್ರಂಥಿಯಲ್ಲಿ ದಾಸ್ತಾನು ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಸೊರಗಿದ, ಬಲಿಯದ ಮೀನಿಗೆ ದುಬಾರಿ ಶೀಸೆ ಖಾಲಿ ಮಾಡುವುದು ತೂಬಿನಲ್ಲಿ ನೀರಿಲ್ಲದ ಕೆರೆಯ ತೂಬು ಎತ್ತಿದಂತೆ.

ಮೊಟ್ಟೆಯಿಂದ ಮರಿಯವರೆಗೆ

ಫಲಿತ ಮೊಟ್ಟೆ ನೀರು ಹೀರಿ ನಾಲ್ಕೈದು ಮಿಲಿಮೀಟರು ಗಾತ್ರಕ್ಕೆ ಉಬ್ಬಿ, ಸಾಬಕ್ಕಿ ಬೆಂದಂತೆ ತಿಳಿಯಾಗಿ ಕಾಣುತ್ತದೆ. ಫಲಿಸದ್ದು ಬಿಳಿಚಿಕೊಳ್ಳುತ್ತದೆ. 27ರಿಂದ 30 ಡಿಗ್ರಿ ಶಾಖದಲ್ಲಿ 14ರಿಂದ 18 ಗಂಟೆಗಳಲ್ಲಿ ಮರಿ ಹೊರಬರುತ್ತದೆ. ಇನ್ನು ಮೂರು ದಿನಕ್ಕೆ ಅದರ ಹೊಟ್ಟೆಯ ಹಳದಿ ಚೀಲ ಕರಗಿ ಮೇವು ಹುಡುಕತೊಡಗುತ್ತದೆ. ಹೆಚ್ಚಿನ ಕೇಂದ್ರಗಳಲ್ಲಿ ಈಗ ಹಾಪದ ಬದಲು ನೀರು ಸದಾ ಸುತ್ತುತ್ತಿರುವ ಚೀನಾ ಮಾದರಿಯ ದುಂಡು ತೊಟ್ಟಿಗಳಿವೆ. ಹೊಳೆಯ ಹರಿವನ್ನು ಅಷ್ಟಿಷ್ಟು ಅನುಕರಿಸುವುದರಿಂದ ಇವುಗಳಲ್ಲಿ ಮೊಟ್ಟೆ ಹಾಳಾಗುವುದು ಕಡಿಮೆ.

ಒಂದು ಕಿಲೋ ರೋಹುವಿನಿಂದ ಸುಮಾರು ಎರಡು ಲಕ್ಷ ಮೊಟ್ಟೆ ಸಿಗುತ್ತದೆ ಎಂದು ಕೇಳಿ ಹೊಸಬರು ದೊಡ್ಡ ಲಾಭದ ಲೆಕ್ಕ ಹಾಕುವುದುಂಟು. ಮೂರು ದಿನದ ಮರಿಯನ್ನು ನರ್ಸರಿ ಹೊಂಡಕ್ಕೆ ಬಿಟ್ಟು ಒಂದು ಅಂಗುಲಕ್ಕೆ ಬೆಳೆಸುವಷ್ಟರಲ್ಲಿ, ಒಳ್ಳೆಯ ಆರೈಕೆಯಲ್ಲಿಯೂ ಲಕ್ಷಕ್ಕೆ ಮೂವತ್ತರಿಂದ ಐವತ್ತು ಸಾವಿರ ಉಳಿದರೆ ಅದೇ ಹೆಚ್ಚು ಎಂಬುದನ್ನು ಮರೆಯಬಾರದು.

ತಳಿ ಕೆಡದಂತೆ ಎಚ್ಚರಿಕೆ

ಹಾರ್ಮೋನು ಕೊಟ್ಟ ಸುಲಭವೇ ಒಂದು ಹೊಸ ತೊಂದರೆಯನ್ನೂ ತಂದಿದೆ. ಹೊಳೆಯಲ್ಲಿ ಸಾವಿರಾರು ಮೀನುಗಳು ಕೂಡುತ್ತಿದ್ದವು. ಕೇಂದ್ರದಲ್ಲಿ ಹತ್ತಿಪ್ಪತ್ತು ತಾಯಿ ಮೀನುಗಳಿಂದಲೇ ಲಕ್ಷಗಟ್ಟಲೆ ಮರಿ ತೆಗೆಯಬಹುದು. ಮರುವರ್ಷ ಅದೇ ಮರಿಗಳನ್ನು ತಾಯಿ ಮೀನಾಗಿ ಬೆಳೆಸಿದರೆ ಅಣ್ಣತಂಗಿಯರ ನಡುವೆಯೇ ಕೂಡಿಕೆಯಾಗುತ್ತದೆ. ನಾಲ್ಕಾರು ತಲೆಮಾರು ಹೀಗೆ ಸಾಗಿದರೆ ಬೆಳವಣಿಗೆ ಕುಂಠಿತವಾಗಿ, ಮರಿಗಳಲ್ಲಿ ಅಂಗವಿಕಲತೆ, ಸಾವು ಹೆಚ್ಚುತ್ತವೆ. ಮೂರೂ ಜಾತಿಗಳನ್ನು ಒಂದೇ ತೊಟ್ಟಿಯಲ್ಲಿ ಚುಚ್ಚಿ ಬಿಡುವ ಅಭ್ಯಾಸವಂತೂ ಇನ್ನೂ ಕೆಟ್ಟದ್ದು. ಕಾಟ್ಲಕ್ಕೂ ರೋಹುವಿಗೂ ಹುಟ್ಟಿದ ಮಿಶ್ರ ಮರಿಗಳು ಶುದ್ಧ ಜಾತಿಯ ಹೆಸರಿನಲ್ಲಿ ಮಾರಾಟವಾಗಿಬಿಡುತ್ತವೆ. ಕೊಂಡ ರೈತನಿಗೆ ಇದು ತಿಳಿಯುವುದು ಎಂಟು ತಿಂಗಳ ಮೇಲೆ, ಬಲೆ ಎಳೆದಾಗ.

ಆದ್ದರಿಂದ ಮರಿ ಉತ್ಪಾದಕರು ಎರಡು ಮೂರು ವರ್ಷಕ್ಕೊಮ್ಮೆ ಗಂಡುಗಳನ್ನಾದರೂ ದೂರದ ಬೇರೆ ಮೂಲದಿಂದ ತರಬೇಕು. ಯಾವ ಹೆಣ್ಣಿಗೆ ಯಾವ ಗಂಡು, ಯಾವ ದಿನ, ಎಷ್ಟು ಔಷಧಿ, ಎಷ್ಟು ಮೊಟ್ಟೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹಸುವಿನ ವಂಶ ಕೇಳುವ ರೈತರು ಮೀನಿನ ವಂಶವನ್ನೂ ಕೇಳುವ ಕಾಲ ಬರಬೇಕು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ 1992ರಲ್ಲಿ ನಾರ್ವೆಯ ಸಹಕಾರದಿಂದ ಆರಂಭಿಸಿ, ಹಲವು ನದಿಗಳ ರೋಹುಗಳನ್ನು ಕೂಡಿಸಿ ಆಯ್ಕೆ ಮಾಡಿ ಬೆಳೆಸಿದ ಜಯಂತಿ ರೋಹು, ವಂಶಾವಳಿಯನ್ನು ಎಚ್ಚರದಿಂದ ಕಾಪಾಡಿದರೆ ಏನು ಸಾಧಿಸಬಹುದೆಂಬುದಕ್ಕೆ ಸಾಕ್ಷಿ.

ಬಯಲುಸೀಮೆಯ ರೈತರಿಗೆ ಇನ್ನೊಂದು ಮಾತು. ಮರಿ ಕೇಂದ್ರಗಳಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮರಿ ಹೇರಳ. ಆದರೆ ಬಯಲುಸೀಮೆಯ ಎಷ್ಟೋ ಕೆರೆಗಳಿಗೆ ನೀರು ಬರುವುದು ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ. ಆಗ ಮರಿ ಹುಡುಕಿ ಹೊರಟರೆ ಯಾರಲ್ಲೋ ಉಳಿದ ಸಣಕಲು ಮರಿಯೇ ಗತಿ. ಜುಲೈನಲ್ಲೇ ಸಣ್ಣ ಮರಿ ಕೊಂಡು, ಬಾವಿಯ ನೀರು ಹಾಯಿಸಿದ ಪುಟ್ಟ ಹೊಂಡದಲ್ಲಿ ಎರಡು ಮೂರು ತಿಂಗಳು ಬೆರಳುದ್ದಕ್ಕೆ ಬೆಳೆಸಿಟ್ಟುಕೊಂಡರೆ, ಕೆರೆ ತುಂಬಿದ ದಿನವೇ ಬಿತ್ತನೆ ಮಾಡಬಹುದು. ಬೆರಳುದ್ದದ ಮರಿ ಶತ್ರು ಮೀನುಗಳ ಬಾಯಿಗೂ ಸುಲಭವಾಗಿ ಸಿಗುವುದಿಲ್ಲ.

ಮೊಟ್ಟೆ ಇಟ್ಟ ತಾಯಿ ಮೀನುಗಳನ್ನು ಹಾಗೆಯೇ ಹಳೆಯ ಹೊಂಡಕ್ಕೆ ಎಸೆಯಬಾರದು. ಪೊಟ್ಯಾಸಿಯಂ ಪರ್ಮಾಂಗನೇಟಿನ ತಿಳಿ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ, ಬೇರೆ ಹೊಂಡದಲ್ಲಿ ಬಿಟ್ಟು, ಒಳ್ಳೆಯ ಮೇವು ಕೊಡಬೇಕು. ಚೆನ್ನಾಗಿ ಚೇತರಿಸಿಕೊಂಡ ರೋಹು, ಮೃಗಾಲಗಳು ಅದೇ ಮಳೆಗಾಲದಲ್ಲಿ, ಸುಮಾರು ಒಂದೂವರೆಯಿಂದ ಎರಡು ತಿಂಗಳ ಮೇಲೆ, ಎರಡನೆಯ ಬಾರಿಯೂ ಮೊಟ್ಟೆಗೆ ಬರುತ್ತವೆ. ಆಗಲೂ ಹೊಟ್ಟೆಯನ್ನು ಮುಟ್ಟಿ ನೋಡಿದ ಮೇಲೆಯೇ ಸೂಜಿ ಹಿಡಿಯಬೇಕು.